ತಡೆದು ಏನು ಬಂತು, ಡಾಕ್ಟ್ರೇ?

ಹಳೇ ಹುಬ್ಬಳ್ಳಿಯಲ್ಲಿ 30 ವರ್ಷ ಕ್ಲಿನಿಕ್ ನಡೆಸಿ ಈಗ ಮನೆಯಲ್ಲಿ ಕೂತಿರುವ ನಮ್ಮ ಡಾಕ್ಟರು ಈ ಸಲ ನಾಲ್ಕು ಪತ್ರಗಳಿಗೆ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಬೆಟಗೇರಿಯಲ್ಲಿ ನಂದೊಂದು ಸಣ್ಣ ಬಟ್ಟೆ ಅಂಗಡಿ. 2020ರಲ್ಲಿ ಸರಿಯಾಗಿ ಲಗ್ನದ ಸೀಸನ್ನಿನಲ್ಲೇ ಬಾಗಿಲು ಹಾಕಿಸಿದರು. ಆಗ ಮಾಡಿದ ಸಾಲ ತೀರಿದ್ದು ಮೊನ್ನೆ ಮೊನ್ನೆ. ಇಷ್ಟೆಲ್ಲ ಮಾಡಿದರೂ ಮನೆಯ ಐದೂ ಜನಕ್ಕೆ ಕೊರೋನಾ ಬಂದೇ ಬಂತು, ನಾಲ್ಕು ದಿನ ಮಲಗಿ ಎದ್ದೆವು. ಹೇಗೂ ಬರುವುದು ಬರುತ್ತದೆ ಅಂದ ಮೇಲೆ ತಡೆದು ಏನು ಬಂತು? ಮುಂದೆ ಇಂಥದ್ದೇ ಇನ್ನೊಂದು ಬಂದರೆ, ಬಂದು ಹೋಗಲಿ ಅಂತ ಬಿಟ್ಟುಬಿಡುವುದೇ ವಾಸಿ ಅಲ್ವಾ?
(ಗದಗ-ಬೆಟಗೇರಿಯ ಓದುಗರು)

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ. ಆದರೆ ಪತ್ರದಲ್ಲಿ ಒಂದು ವಿಷಯ ಬಿಟ್ಟಿದ್ದೀರಿ. ಬಂದದ್ದು ಯಾವಾಗ? ಐವರೂ ನಾಲ್ಕು ದಿನ ಮಲಗಿ ಎದ್ದಿರಿ ಅಂದರೆ ಅದು 2022ರ ಜನವರಿ ಇರಬೇಕು, ಒಮಿಕ್ರಾನ್ ಓಡಾಡುತ್ತಿದ್ದ ಹೊತ್ತು, ಅಷ್ಟರಲ್ಲಿ ನೀವೆಲ್ಲ ಸೂಜಿ ಚುಚ್ಚಿಸಿಕೊಂಡಿದ್ದಿರಿ ಅಂತ ನನ್ನ ಅಂದಾಜು. ಅದೇ ರೋಗ ಅದೇ ಮನೆಗೆ 2020ರ ಮೇ ತಿಂಗಳಲ್ಲಿ ಬಂದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು. ಆಗ ಲಸಿಕೆ ಇರಲಿಲ್ಲ. ಅಷ್ಟೇ ಅಲ್ಲ, ಏನು ಕೊಡಬೇಕು ಅನ್ನುವುದೇ ನಮಗೆ, ಅಂದರೆ ಡಾಕ್ಟರುಗಳಿಗೆ, ಗೊತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಒಂದೇ ಒಂದು ಔಷಧದ ಕಥೆ ಹೇಳುತ್ತೇನೆ. ಡೆಕ್ಸಾಮೆಥಾಸೋನ್ ಅಂತ ಹಳೇ ಸ್ಟಿರಾಯ್ಡ್ ಗುಳಿಗೆ. ನಿಮ್ಮೂರಿನ ಯಾವ ಮೆಡಿಕಲ್ ಶಾಪಿಗೆ ಹೋದರೂ ಇರುತ್ತದೆ, ಸ್ಟ್ರಿಪ್ಪಿಗೆ ಚಿಲ್ಲರೆ ದುಡ್ಡು. ವೆಂಟಿಲೇಟರ್ ಮೇಲಿರುವವರಿಗೆ ಇದನ್ನು ಕೊಟ್ಟರೆ ಸಾವು ಮೂರರಲ್ಲೊಂದು ಪಾಲು ಕಡಿಮೆ ಆಗುತ್ತದೆ ಅಂತ ಆಕ್ಸ್‌ಫರ್ಡಿನವರು ಪರೀಕ್ಷೆ ಮಾಡಿ ಹೇಳಿದ್ದು 2020ರ ಜೂನ್ ಮಧ್ಯದಲ್ಲಿ. ಏಪ್ರಿಲ್‌ನಲ್ಲಿ ಅಡ್ಮಿಟ್ ಆದವನಿಗೆ ಅದು ಸಿಗಲಿಲ್ಲ, ಜುಲೈನಲ್ಲಿ ಆದವನಿಗೆ ಸಿಕ್ಕಿತು. ಗುಳಿಗೆ ಇಬ್ಬರ ಕಾಲಕ್ಕೂ ಅಂಗಡಿಯ ಕಪಾಟಿನಲ್ಲೇ ಇತ್ತು ನೋಡಿ. (2021ರಲ್ಲಿ ಜನ ರೆಮ್‌ಡೆಸಿವಿರ್ ಇಂಜೆಕ್ಷನ್ನಿಗಾಗಿ ಬ್ಲ್ಯಾಕಿನಲ್ಲಿ ದುಡ್ಡು ಸುರಿದರು. ಸಾವು ತಪ್ಪಿಸುತ್ತದೆ ಅನ್ನಲು ಪುರಾವೆ ಸಾಲದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಮೊದಲೇ, 2020ರ ನವೆಂಬರ್‌ನಲ್ಲೇ ಹೇಳಿತ್ತು. ಬೆಲೆ ಜಾಸ್ತಿ ಇದ್ದದ್ದೇ ಒಳ್ಳೇ ಔಷಧ ಅನ್ನುವ ನಮ್ಮ ಚಟಕ್ಕೆ ಔಷಧವಿಲ್ಲ.)

ಈಗ ಹಾಸಿಗೆ ಲೆಕ್ಕ. ನೀವು ಅಂಗಡಿಯವರು, ಲೆಕ್ಕ ಬೇಗ ಹಿಡಿಯುತ್ತೀರಿ. 2011ರ ಜನಗಣತಿ ಪ್ರಕಾರ ಗದಗ ಜಿಲ್ಲೆಯಲ್ಲಿ ಸುಮಾರು 10.6 ಲಕ್ಷ ಜನ. ನೂರಕ್ಕೆ 60 ಮಂದಿಗೆ ರೋಗ ತಗಲಿತು ಅಂದುಕೊಳ್ಳಿ, 6.4 ಲಕ್ಷ ಆಯಿತು. ಅದರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಆಸ್ಪತ್ರೆ ಬೇಕಾಯಿತು ಅಂತ ಇಟ್ಟುಕೊಳ್ಳೋಣ, 19 ಸಾವಿರ ಜನ. ಒಬ್ಬೊಬ್ಬರು ಹತ್ತು ದಿನ ಮಲಗಿದರೆ, ಎರಡು ತಿಂಗಳಲ್ಲಿ ಒಂದು ಹಾಸಿಗೆ ಆರು ಜನರಿಗೆ ಆಗುತ್ತದೆ. ಹಾಗಾಗಿ ಎಲ್ಲರೂ ಎರಡೇ ತಿಂಗಳಲ್ಲಿ ಬಂದರೆ ಹತ್ತಿರ ಹತ್ತಿರ 3,200 ಹಾಸಿಗೆ ಬೇಕು. ಅಷ್ಟೇ ಜನ ವರ್ಷವಿಡೀ ಹಂಚಿ ಬಂದರೆ 530 ಸಾಕು. ರೋಗಿಗಳು ಅಷ್ಟೇ, ರೋಗವೂ ಅಷ್ಟೇ. ಇದು ಊಹೆ ಮೇಲೆ ಹಾಕಿದ ಲೆಕ್ಕ, ಸರ್ಕಾರಿ ಅಂಕಿ ಅಲ್ಲ, ನೀವು ಬೇಕಾದರೆ ಮೂರರ ಬದಲು ಎರಡು ಹಾಕಿ ನೋಡಿ. ಎಷ್ಟೇ ಹಾಕಿದರೂ ಎರಡರ ನಡುವಿನ ಆರು ಪಟ್ಟು ಅಂತರ ಹೋಗುವುದಿಲ್ಲ.

ಹಾಸಿಗೆ ಅಂದರೆ ಸುಮ್ನೆ ಮಂಚ ಅಲ್ಲ, ಅದರ ತಲೆಗೆ ಆಕ್ಸಿಜನ್ ಪೈಪು ಇರಬೇಕು. 2021ರ ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ ಎಷ್ಟು ಜನ ಹೋದರು ಅಂತ ಪೇಪರಿನಲ್ಲಿ ಓದಿದ್ದೀರಿ. ಅದೇ ವಾರಗಳಲ್ಲಿ ನನ್ನ ಹಳೇ ಪೇಷಂಟ್ ಒಬ್ಬರ ಮಗ ತಂದೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ನಾಲ್ಕು ಆಸ್ಪತ್ರೆ ಸುತ್ತಿದ. ಒಂದು ಕಡೆ ಗೇಟೇ ತೆಗೆಯಲಿಲ್ಲ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು: "ಸರ್, ಅಪ್ಪಾಗ ಆಕ್ಸಿಜನ್ ಎಪ್ಪತ್ತೆಂಟು ತೋರಸಾಕತ್ತೈತ್ರಿ, ಎಲ್ಲಿಗೆ ಹೋಗ್ಲಿ?" ಬೇರೆ ದಿನಗಳಲ್ಲಾಗಿದ್ದರೆ ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಹೋಗಪ್ಪಾ ಅಂದುಬಿಡುತ್ತಿದ್ದೆ. ಆ ದಿನ ಅಲ್ಲಿಗೆ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಯಿಂದಲೂ ಆಂಬುಲೆನ್ಸ್ ಬರುತ್ತಿದ್ದವು. ಬಿಟ್ಟುಬಿಡುವುದು ಅಂದರೆ ಇಂಥ ರಾತ್ರಿಗಳನ್ನೆಲ್ಲ ಒಂದೇ ತಿಂಗಳಿಗೆ ತಂದು ರಾಶಿ ಹಾಕುವುದು. ಆ ತಿಂಗಳು ಹೃದಯಾಘಾತ ಆದವನಿಗೂ ಹಾಸಿಗೆ ಇರುವುದಿಲ್ಲ, ಹೆರಿಗೆಗೆ ಬಂದವಳಿಗೂ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬ ರೋಗಿ ಸರಾಸರಿ ಎರಡೂವರೆ ಜನಕ್ಕೆ ಹಚ್ಚುವ ರೋಗವಾದರೆ, ನೂರಕ್ಕೆ 60 ಮಂದಿಗೆ ನಿರೋಧ ಶಕ್ತಿ ಬಂದ ಮೇಲೆ ಅದು ಇಳಿಯಲು ಶುರುವಾಗುತ್ತದೆ. ಇಳಿಯಲು ಶುರು ಅಂದೆ, ನಿಲ್ಲುತ್ತದೆ ಅನ್ನಲಿಲ್ಲ. ಧಾರವಾಡದಿಂದ ಹುಬ್ಬಳ್ಳಿ ಕಡೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟು ಪೆಡಲ್ ನಿಲ್ಲಿಸಿ ನೋಡಿ, ಸೈಕಲ್ ಅಲ್ಲೇ ನಿಲ್ಲುತ್ತದಾ? ಬ್ರೇಕ್ ಹಿಡಿಯದೆ ಬಿಟ್ಟ ರೋಗವೂ 60ಕ್ಕೆ ನಿಲ್ಲದೆ ನೂರಕ್ಕೆ 85-90ರವರೆಗೂ ಓಡುತ್ತದೆ. ಆ ಹೆಚ್ಚಿನ 25-30 ಮಂದಿಗೆ ಬರಲೇಬೇಕು ಅಂತ ಏನೂ ಇರಲಿಲ್ಲ.

ಒಮ್ಮೆ ಬಂದು ಹೋದರೆ ಮುಗಿಯಿತು ಅನ್ನುವ ಮಾತೂ ಹಾಗೇ. ಬ್ರೆಜಿಲ್ ದೇಶದ ಮನೌಸ್ ಊರಲ್ಲಿ 2020ರಲ್ಲಿ ರೋಗ ಹೆಚ್ಚುಕಮ್ಮಿ ತಾನೇ ತಾನಾಗಿ ಓಡಿತು. ರಕ್ತದಾನಿಗಳ ರಕ್ತ ನೋಡಿದ ವಿಜ್ಞಾನಿಗಳು ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ಬಂದು ಹೋಗಿದೆ ಅಂದರು. ಇನ್ನೇನು ಭಯವಿಲ್ಲ ಅಂದುಕೊಂಡರು. 2021ರ ಜನವರಿಯಲ್ಲಿ ಹೊಸ ತಳಿ ಬಂತು, ಅದೇ ಊರಲ್ಲಿ ಆಕ್ಸಿಜನ್ ಖಾಲಿಯಾಯಿತು.

ಆದರೆ ನಿಮ್ಮ ಸಾಲದ ಮಾತು ತೇಲಿಸಿಬಿಡುವುದಿಲ್ಲ. ತಡೆಯುವುದು ಅಂದರೆ ಹೊತ್ತನ್ನು ಕೊಂಡುಕೊಳ್ಳುವುದು, ಮತ್ತು ಆ ಹೊತ್ತಿಗೆ ದುಡ್ಡು ಕೊಟ್ಟವರು ನಿಮ್ಮಂಥವರು. 2020ರ ಮಾರ್ಚ್ 24ರ ರಾತ್ರಿ ನಾಲ್ಕು ತಾಸು ಮೊದಲು ಹೇಳಿ ಇಡೀ ದೇಶಕ್ಕೆ ಒಂದೇ ಬೀಗ ಜಡಿದದ್ದು ನನಗೂ ಸರಿ ಕಾಣಲಿಲ್ಲ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರು ನಡೆದು ವಾಪಸ್ ಬಂದರು. ಒಂದೂ ಕೇಸಿಲ್ಲದ ಹಳ್ಳಿಯಲ್ಲೂ ಸಂತೆ ಬಂದ್. ಹೊಲದಲ್ಲಿ ಬೆಳೆದ ಟೊಮ್ಯಾಟೊ ಹೊಲದಲ್ಲೇ ಕೊಳೆಯಿತು. ಮಾಸ್ಕ್, ಲಗ್ನಕ್ಕೆ ಜನ ಕಡಿಮೆ, ಕಿಟಕಿ ತೆಗೆದ ಕೋಣೆ, ಜಾತ್ರೆ ಒಂದು ವರ್ಷ ಮುಂದಕ್ಕೆ, ಇವೆಲ್ಲ ಅಗ್ಗದ ಬ್ರೇಕುಗಳು. ಅಂಗಡಿ ಮುಚ್ಚಿಸುವುದು ದುಬಾರಿ ಬ್ರೇಕು, ಆಸ್ಪತ್ರೆ ತುಂಬುವ ಲಕ್ಷಣ ಕಂಡ ಜಿಲ್ಲೆಯಲ್ಲಿ, ಎಣಿಸಿದ ವಾರಗಳಿಗೆ, ಕೈಗೆ ದುಡ್ಡು ಕೊಟ್ಟು ಮಾಡಬೇಕಾದದ್ದು.

ಅದಕ್ಕಿಂತ ಹೆಚ್ಚು ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಅಷ್ಟು ದುಡ್ಡು ಕೊಟ್ಟು ಕೊಂಡ ಹೊತ್ತನ್ನು ನಾವು ಏನು ಮಾಡಿದೆವು? 2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು, ಮಾರ್ಚ್ 1ರಿಂದ 60 ದಾಟಿದವರಿಗೂ ಸಿಕ್ಕಿತು. ಆಗ ಹುಬ್ಬಳ್ಳಿಯಲ್ಲಿ ಕೇಸು ಕಡಿಮೆ. ನನ್ನ ಪೇಷಂಟುಗಳೇ "ಈಗ್ಯಾಕ್ರಿ, ಕೊರೋನಾ ಹೋತಲ್ರೀ" ಅಂದು ಸೂಜಿ ಮುಂದಕ್ಕೆ ಹಾಕಿದರು. ಪಕ್ಕದ ಬೆಳಗಾವಿ ಸಂಸದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದು ಕೊರೋನಾದಿಂದಲೇ. ಅವರ ಖಾಲಿ ಜಾಗಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ಕ್ಕೆ, ಎರಡನೇ ಅಲೆ ಏರುತ್ತಿದ್ದಾಗ. ಇದರ ಮೇಲೆ ನಾನು ಇನ್ನೇನು ಬರೆಯಲಿ.

ಪ್ರಶ್ನೆ: ವಯಸ್ಸಾದವರನ್ನಷ್ಟೇ ಮನೆಯೊಳಗೆ ಇಟ್ಟು, ಉಳಿದವರು ಆರಾಮಾಗಿ ಓಡಾಡಿದ್ದರೆ ಶಾಲೆಗಳಾದರೂ ನಡೆಯುತ್ತಿದ್ದವಲ್ಲ? ನಾನು ಕನ್ನಡ ಶಾಲೆ ಮಾಸ್ತರ. ಎರಡು ವರ್ಷದ ನಂತರ ಬಂದ ನಾಲ್ಕನೇ ಇಯತ್ತೆ ಮಕ್ಕಳಿಗೆ ಒತ್ತಕ್ಷರ ಬರುತ್ತಿರಲಿಲ್ಲ.
(ಬ್ಯಾಡಗಿಯ ಓದುಗರು)

ಉತ್ತರ: ಮಾಸ್ತರ್ರೇ, ಇದೇ ಮಾತನ್ನು 2020ರ ಅಕ್ಟೋಬರ್‌ನಲ್ಲಿ ಮೂವರು ದೊಡ್ಡ ಪ್ರೊಫೆಸರುಗಳು ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಅನ್ನುವ ಊರಲ್ಲಿ ಕೂತು ಬರೆದರು. ಕಾಗದದ ಮೇಲೆ ಚಂದ ಕಾಣುತ್ತದೆ. ಬ್ಯಾಡಗಿಗೆ ತಂದು ನೋಡಿ. ಮಗ ಮೆಣಸಿನಕಾಯಿ ಪೇಟೆಯಲ್ಲಿ ದಿನವಿಡೀ ನೂರಾರು ಜನರ ನಡುವೆ ಚೀಲ ಹೊತ್ತು, ಘಾಟಿಗೆ ಕೆಮ್ಮಿ, ಮೂಗು ಒರೆಸಿಕೊಂಡು ಸಂಜೆ ಮನೆಗೆ ಬರುತ್ತಾನೆ. ಮನೆ ಎರಡು ಕೋಣೆಯದು. ಬಚ್ಚಲು ಒಂದೇ. ಅವ್ವ ರೊಟ್ಟಿ ಬಡಿದು ಬಿಸಿ ಬಿಸಿ ಹಾಕುತ್ತಾಳೆ. ಅವಳನ್ನು ಯಾವ ಕೋಣೆಯಲ್ಲಿ ಇಡುತ್ತೀರಿ? ಇನ್ನು ನಮ್ಮ ಕಡೆ 45 ದಾಟಿದವರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಎಷ್ಟು ಜನಕ್ಕೆ ಇದೆ ಅಂತ ನನ್ನ ಹಳೇ ರಿಜಿಸ್ಟರ್ ತೆರೆದರೆ ಗೊತ್ತಾಗುತ್ತದೆ. ಅರ್ಧ ಜನಕ್ಕೆ ಅದು ಇರುವುದು ಅವರಿಗೇ ಗೊತ್ತಿರಲಿಲ್ಲ.

ಆದರೆ ಶಾಲೆ ವಿಷಯದಲ್ಲಿ ನಾನು ನಿಮ್ಮ ಕಡೆ. ಬಾರ್ ತೆಗೆದು ಶಾಲೆ ಮುಚ್ಚಿ ಇಟ್ಟದ್ದು ತಪ್ಪು. 2020ರಲ್ಲಿ ಗುಡಿಯ ಕಟ್ಟೆ, ಮರದ ನೆರಳಲ್ಲಿ ವಿದ್ಯಾಗಮ ಅಂತ ನಡೆಸಿದಿರಲ್ಲ, ಬಯಲಲ್ಲಿ ಗಾಳಿಗೆ ಕೂರುವ ಆ ಪಾಠ ಒಳ್ಳೇ ದಾರಿಯೇ ಇತ್ತು. ಅದನ್ನೂ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು.

ಪ್ರಶ್ನೆ: ಸ್ವೀಡನ್ ಏನೂ ಬಂದ್ ಮಾಡಲಿಲ್ಲ, ಆದರೂ ಬದುಕಿತು ಅಂತ ಹಾಸ್ಟೆಲ್ಲಿನಲ್ಲಿ ಗೆಳೆಯರು ವಾದಿಸುತ್ತಾರೆ. ನಿಜವೇ?
(ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಅರ್ಧ ನಿಜ, ತಂಗಿ. ಸಣ್ಣ ಮಕ್ಕಳ ಶಾಲೆ, ಹೋಟೆಲ್ ತೆಗೆದೇ ಇದ್ದವು. ಆದರೆ 50ಕ್ಕಿಂತ ಜಾಸ್ತಿ ಜನ ಸೇರಬಾರದು ಅಂತ ನಿಯಮ ಇತ್ತು, ಕಾಲೇಜು ಆನ್‌ಲೈನ್ ಆಯಿತು, ಜನ ತಾವಾಗಿಯೇ ಓಡಾಟ ಕಡಿಮೆ ಮಾಡಿದರು. ಮೊದಲ ವರ್ಷ ಪಕ್ಕದ ನಾರ್ವೆ, ಫಿನ್ಲೆಂಡಿಗಿಂತ ಅಲ್ಲಿ ಸಾವು ಎಷ್ಟೋ ಪಟ್ಟು ಜಾಸ್ತಿ, ಅದರಲ್ಲೂ ವೃದ್ಧಾಶ್ರಮಗಳಲ್ಲಿ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಜನೇ ನಾವು ಸೋತೆವು ಅಂದ. ಆಮೇಲೆ ಲಸಿಕೆ ಚೆನ್ನಾಗಿ ಹಾಕಿಸಿದರು, ಹಾಗಾಗಿ ಪೂರ್ತಿ ಮೂರು ವರ್ಷ ಕೂಡಿಸಿದರೆ ಅವರ ಲೆಕ್ಕ ಯುರೋಪಿನ ಬಹಳ ದೇಶಗಳಿಗಿಂತ ಚೆನ್ನಾಗಿಯೇ ಇದೆ. ಗೆಳೆಯರಿಗೆ ಎರಡೂ ಹೇಳು. ಅಲ್ಲಿ ಒಂಟಿಯಾಗಿ ಇರುವ ಮನೆಗಳೇ ಜಾಸ್ತಿ, ಕೆಮ್ಮು ಬಂದರೆ ಸಂಬಳದ ಹೆಚ್ಚಿನ ಪಾಲು ಪಡೆಯುತ್ತಲೇ ಮನೆಯಲ್ಲಿ ಕೂರಬಹುದು ಅನ್ನುವುದನ್ನೂ ಸೇರಿಸು. ಒಂದು ಕೋಣೆಗೆ ನೀವು ಎಷ್ಟು ಜನ ಇದ್ದೀರಿ?

ಪ್ರಶ್ನೆ: ನಮ್ಮ ಮುತ್ತಜ್ಜಿ ಕಾಲದಲ್ಲಿ ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಅದು ಆಗಿನ ಲಾಕ್‌ಡೌನಾ? ಜೊತೆಗೆ ಒಂದು ಸಣ್ಣ ಪ್ರಶ್ನೆ, ಮನೆಯಲ್ಲಿರುವ ಆಕ್ಸಿಮೀಟರ್ ಇಟ್ಟುಕೊಳ್ಳಬೇಕಾ, ಎಸೆಯಬೇಕಾ?
(ಹುಬ್ಬಳ್ಳಿಯ ಓದುಗರು)

ಉತ್ತರ: ಲಾಕ್‌ಡೌನಿನ ಉಲ್ಟಾ ಅನ್ನಿ. ಪ್ಲೇಗ್ ಬರುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತರೆ ಚಿಗಟ ಮನುಷ್ಯನ ಕಡೆ ಬರುತ್ತದೆ. ಮನೆಯಲ್ಲಿ ಇಲಿ ಸತ್ತು ಬಿದ್ದ ಕೂಡಲೇ ಮನೆ ಬಿಟ್ಟು ಹೊರಡುವುದೇ ಉಪಾಯ, ಒಳಗೆ ಬಾಗಿಲು ಹಾಕಿಕೊಂಡು ಕೂತರೆ ಸಾವು. ಯಾವ ರೋಗ ಯಾವ ದಾರಿಯಲ್ಲಿ ಬರುತ್ತದೆ ಅಂತ ತಿಳಿಯದೆ ತಡೆಯಲು ಹೋಗಬಾರದು ಅನ್ನುವುದಕ್ಕೆ ನಿಮ್ಮ ಮುತ್ತಜ್ಜಿಯೇ ಸಾಕ್ಷಿ. 1898ರಲ್ಲಿ ನಮ್ಮ ಹುಬ್ಬಳ್ಳಿಗೆ ಪ್ಲೇಗ್ ಜೋರಾಗಿ ಬಂದಾಗ ಸಾವಿರಾರು ಜನ ಹಾಫ್‌ಕಿನ್ ಅನ್ನುವವನ ಹೊಸ ಲಸಿಕೆ ಹಾಕಿಸಿಕೊಂಡರು. ಅವನು ಅದನ್ನು ಬಾಂಬೆಯಲ್ಲಿ ಮೊದಲು ತನಗೇ ಚುಚ್ಚಿಕೊಂಡು ನೋಡಿ ಒಂದೇ ವರ್ಷವಾಗಿತ್ತು. ಇಪ್ಪತ್ತು ವರ್ಷದ ಮೇಲೆ 1918ರ ಇನ್‌ಫ್ಲುಯೆಂಜಾ ಬಂತು, ಅದಕ್ಕೆ ಲಸಿಕೆಯೂ ಇಲ್ಲ, ನಮ್ಮ ದೇಶದಲ್ಲಿ ಹೆಚ್ಚಾಗಿ ತಡೆದವರೂ ಇಲ್ಲ. ಬಂದು ಹೋಗಲಿ ಅಂತ ಬಿಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಅದನ್ನು ನೋಡಿ. ದೇಶದಲ್ಲಿ ಕೋಟಿ ದಾಟಿ ಜನ ಸತ್ತರು, 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಡಿಮೆ ಬಂತು.

ಆಕ್ಸಿಮೀಟರ್ ಎಸೆಯಬೇಡಿ. ಸೆಲ್ ಮಾತ್ರ ತೆಗೆದಿಡಿ, ಸೋರಿ ಹಾಳಾಗುತ್ತದೆ. 2021ರಲ್ಲಿ ನಮ್ಮ ಓಣಿಯ ಹನ್ನೆರಡು ಮನೆಗೆ ಒಂದೇ ಆಕ್ಸಿಮೀಟರ್ ಇತ್ತು. ಅದರ ಜೊತೆ ದಾರ ಕಟ್ಟಿದ ಒಂದು ನೋಟ್‌ಬುಕ್ಕೂ ಮನೆಯಿಂದ ಮನೆಗೆ ಹೋಗುತ್ತಿತ್ತು, ಬೆಳಿಗ್ಗೆ ಸಂಜೆ ಹೆಸರು ಮತ್ತು ನಂಬರ್ ಬರೆಯುವುದಕ್ಕೆ. ಒಂದು ಸಂಜೆ 24 ವರ್ಷದ ಹುಡುಗಿಗೆ 88 ಬಂತು ಅಂತ ಇಡೀ ಓಣಿ ಅಳುತ್ತಾ ನನ್ನ ಬಾಗಿಲಿಗೆ ಬಂತು. ಹುಡುಗಿ ಆರಾಮಾಗಿ ನಿಂತು ಮಾತಾಡುತ್ತಿದ್ದಾಳೆ. ಬೆರಳು ನೋಡಿದರೆ ಗಾಢ ನೀಲಿ ನೇಲ್ ಪಾಲಿಶ್, ಮೇಲೆ ಕೈ ಮಂಜುಗಡ್ಡೆ. ಬಣ್ಣ ಒರೆಸಿ, ಕೈ ಉಜ್ಜಿ, ಎರಡು ನಿಮಿಷ ಬಿಟ್ಟು ಹಾಕಿದರೆ 98. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ, 88ನ್ನು ಅವಳೇ ಗೀಟು ಹಾಕಿ ಹೊಡೆದಿದ್ದಾಳೆ.