ಆಬ್ಟ್ಯುರೇಟರ್: ಸೊಂಟದ್ದಾ, ಬಾಯಿಯದ್ದಾ?

ಅಪ್ಪನ ಅಂಗುಳಿನ ಆಪರೇಷನ್ ಆದ ಮೇಲೆ ಆಬ್ಟ್ಯುರೇಟರ್ ಹಾಕಬೇಕು ಅಂದಿದ್ದಾರೆ, ಗೂಗಲ್ ಮಾಡಿದರೆ ಸೊಂಟದ ಚಿತ್ರ ಬರುತ್ತಿದೆ ಅಂತ ಕೇಳಿದ್ದೀರಿ. ಗಾಬರಿ ಬೇಡ. ಸೊಂಟದ ಮೂಳೆಯಲ್ಲೊಂದು ದೊಡ್ಡ ತೂತಿದೆ. ಅದನ್ನು ಮುಚ್ಚಿರುವ ಪೊರೆಗೂ ಅಲ್ಲಿನ ಸ್ನಾಯುಗಳಿಗೂ ಇದೇ ಹೆಸರು. ಅದನ್ನು ಬಿಡಿ.

ನಿಮ್ಮ ಅಪ್ಪನಿಗೆ ಹೇಳಿದ್ದು ಹಲ್ಲುಸೆಟ್ಟಿನಂಥದ್ದು, ಸಾಮಾನ್ಯವಾಗಿ ಅಕ್ರಿಲಿಕ್‌ನದು. ಅದರ ಮೇಲಿನ ಉಬ್ಬು ಆಪರೇಷನ್ ಆದ ಮೇಲೆ ಅಂಗುಳಿನಲ್ಲಿ ಉಳಿದ ತೂತಿನಲ್ಲಿ ಕೂತು ಅದನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಕುಡಿದ ನೀರು ಮೂಗಿಗೆ ಬರುತ್ತದೆ, ಮಾತೂ ಮೂಗಿನಿಂದಲೇ ಬಂದ ಹಾಗಿರುತ್ತದೆ. ಗಾಯ ಮಾಗುತ್ತಾ ತೂತಿನ ಆಕಾರ ಬದಲಾಗುತ್ತದೆ ಅಲ್ವಾ, ಅದಕ್ಕೇ ಮೊದಲು ತಾತ್ಕಾಲಿಕ, ಕೆಲವು ತಿಂಗಳ ನಂತರ ಪಕ್ಕಾದ್ದು. ಊಟ ಆದ ಮೇಲೆ ತೆಗೆದು ತೊಳೆಯಬೇಕಾಗುತ್ತದೆ. ಕುದಿಯುವ ನೀರು ಬೇಡ, ಸೊಟ್ಟಗಾಗಿಬಿಡುತ್ತದೆ.