ಸಂಪಾದಕರ ಉತ್ತರ: ಹಳೇ ಗಾಳಿ ಫ್ಯಾನಿನ ರೆಕ್ಕೆ ಕೊನೆಗೆ ಏನಾಗುತ್ತೆ?

ಚಿತ್ರದುರ್ಗದ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆ ಓದಿ ಖಾರವಾಗೇ ಪತ್ರ ಬರೆದಿದಾರೆ, ಹೆಸರು ಹಾಕಬೇಡಿ ಅಂದಿದಾರೆ. ಅವರು ಹೇಳಿದ್ದು ಇಷ್ಟು. "ನಮ್ಮ ಗುಡ್ಡದ ಮೇಲಿನ, ಗಾಳಿಯಿಂದ ಕರೆಂಟು ಮಾಡೋ ಫ್ಯಾನುಗಳು ಹಳೇದಾಗಿವೆ. ಕಂಬ ಕಬ್ಬಿಣದ್ದು, ಗುಜರಿಯವರು ಓಡಿ ಬಂದು ಎತ್ಕೊಂಡು ಹೋಗ್ತಾರೆ, ರೆಕ್ಕೆ ಮಾತ್ರ ಯಾರಿಗೂ ಬೇಡ. ಅಮೆರಿಕದಲ್ಲಿ ಮಣ್ಣಲ್ಲಿ ಹೂಳ್ತಾರಂತೆ, ಫೋಟೋ ನೋಡ್ದೆ. ನೀವು ನೋಡಿದ್ರೆ ಯೂನಿವರ್ಸಿಟಿಗಳು, ಕಂಪನಿಗಳು ಸೇರಿ ಜಂಟಿ ಸಂಶೋಧನೆ ಮಾಡ್ತಿವೆ ಅಂತ ನಾಲ್ಕು ಸಾಲು ಬರೆದು ಕೈ ತೊಳ್ಕೊಂಡ್ರಿ. ಹತ್ತು ಜನ ಮೀಟಿಂಗಲ್ಲಿ ಕೂತು ಬಿಸ್ಕೆಟ್ ತಿಂದ್ರೆ ರೆಕ್ಕೆ ಕರಗುತ್ತಾ? ಮಾಡಿದ ಕಂಪನಿಗೇ ವಾಪಸ್ ತಗೋ ಅಂದ್ರೆ ಮುಗೀತಲ್ವಾ? ಇನ್ನೊಂದು, ನಮ್ಮೂರಲ್ಲಿ ಒಬ್ಬರು ಇಳಿಸಿಟ್ಟಿರೋ ರೆಕ್ಕೆ ಕೊಯ್ದು ದನದ ಕೊಟ್ಟಿಗೆಗೆ ಹೊದಿಸ್ಬೇಕು ಅಂತಿದಾರೆ, ಮಾಡಬಹುದಾ?"

ನಮಸ್ಕಾರ ಸರ್. ನಾಲ್ಕು ಸಾಲು ಸಾಲದು ಅನ್ನೋದು ನಿಜ, ಅದಕ್ಕೇ ಈ ಸಲ ಉದ್ದ ಬರೀತಿದೀನಿ. ಕೊಟ್ಟಿಗೆ ವಿಷಯ ಕೊನೆಗೆ.

ಫೋಟೋ ನಿಜವಾದದ್ದೇ. ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಅನ್ನೋ ಊರಿನ ಕಸದ ಗುಂಡಿಯದು, 2020ರಲ್ಲಿ ಜಗತ್ತೆಲ್ಲ ಸುತ್ತಿತ್ತು. ರೆಕ್ಕೆಗಳನ್ನ ತುಂಡು ಮಾಡಿ ಸಾಲಾಗಿ ಮಲಗಿಸಿ ಮೇಲೆ ಮಣ್ಣು ಎಳೆದಿದ್ರು. ಫ್ಯಾನಿನ ಒಟ್ಟು ತೂಕದಲ್ಲಿ ಶೇಕಡಾ 85ರಿಂದ 90ರಷ್ಟು ಭಾಗ ಕಬ್ಬಿಣ, ತಾಮ್ರ, ಕಾಂಕ್ರೀಟು ಅಂತ ಹೇಗೋ ಮಾರಾಟ ಆಗುತ್ತೆ, ಉಳಿಯೋ ತಲೆನೋವು ಅಂದ್ರೆ ಈ ರೆಕ್ಕೆ. ಅದು ಗಾಜಿನ ನೂಲಿನ ಬಟ್ಟೆಯನ್ನ ಪದರ ಪದರವಾಗಿ ಹಾಸಿ ಎಪಾಕ್ಸಿ ಅಥವಾ ಪಾಲಿಯೆಸ್ಟರ್ ರೆಸಿನ್ ಅನ್ನೋ ಅಂಟು ಕುಡಿಸಿ ಗಟ್ಟಿ ಮಾಡಿರೋದು, ಮಧ್ಯೆ ಬಾಲ್ಸಾ ಮರ ಇಲ್ಲಾ ಪಿವಿಸಿ ಫೋಮು, ಒಳಗೆ ಸಿಡಿಲಿನ ಕರೆಂಟು ಕೆಳಗೆ ಇಳಿಸೋಕೆ ಒಂದು ಲೋಹದ ಕೇಬಲ್ಲು. ಈ ಜಾತಿ ರೆಸಿನ್ ಒಮ್ಮೆ ಸೆಟ್ ಆಯ್ತು ಅಂದ್ರೆ ಮುಗೀತು, ಮುದ್ದೆ ಕಟ್ಟಿದ ಮೇಲೆ ಅದರಿಂದ ರಾಗಿ ಹಿಟ್ಟು ವಾಪಸ್ ತೆಗೆಯೋಕೆ ಆಗುತ್ತಾ, ಹಂಗೆ. ಕಾಯಿಸಿದ್ರೆ ಕರಗಲ್ಲ, ಸುಟ್ಟು ಹೋಗುತ್ತೆ. ಇಪ್ಪತ್ತು ವರ್ಷ ಬಿಸಿಲು ಮಳೆ ಗಾಳಿ ತಡ್ಕೋಬೇಕು ಅಂತ ಬೇಕು ಬೇಕಂತಲೇ ಹಂಗೆ ಮಾಡಿರೋದು, ಈಗ ಅದೇ ಗುಣ ಕುತ್ತಿಗೆಗೆ ಬಂದಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಒಂದು ಕಂಪನಿ ಮನಸ್ಸು ಮಾಡಿದ್ರೆ ಸಾಲ್ದಾ ಅನ್ನೋದು. ಸಾಲಲ್ಲ ಸರ್. ರೆಕ್ಕೆ ಒಳಗೆ ಯಾವ ಪದರ ಎಲ್ಲಿದೆ, ಯಾವ ರೆಸಿನ್, ಅದು ತಯಾರಕರಿಗೆ ಮಾತ್ರ ಗೊತ್ತು, ಅವರು ಗುಟ್ಟು ಬಿಡಲ್ಲ. ರೆಕ್ಕೆ ಇರೋದು ಕರೆಂಟು ಮಾರೋ ಕಂಪನಿ ಹತ್ರ, ಅವರಿಗೆ ಅದು ಆದಷ್ಟು ಬೇಗ ಜಾಗ ಖಾಲಿ ಮಾಡಿದ್ರೆ ಸಾಕು. ಬಿಡಿಸೋ ಕೆಮಿಸ್ಟ್ರಿ ಗೊತ್ತಿರೋದು ಲ್ಯಾಬಿನವರಿಗೆ, ಆದ್ರೆ ಅವರ ಕೈಗೆ ಸಿಗೋದು ಬೆರಳುದ್ದದ ಚೂರು. ಸುಡೋಣ ಅಂದ್ರೆ ಬೇಕಾದ ಬೆಂಕಿ ಇರೋದು ಸಿಮೆಂಟ್ ಕಾರ್ಖಾನೇಲಿ. ಇನ್ನು ಸೇತುವೆಗೋ ಕಂಬಕ್ಕೋ ಬಳಸೋಣ ಅಂದ್ರೆ ಸಿವಿಲ್ ಇಂಜಿನಿಯರ್ ಲೆಕ್ಕ ಹಾಕಿ ಸಹಿ ಹಾಕ್ಬೇಕು, ಅವರಿಗೆ ಡ್ರಾಯಿಂಗೇ ಇಲ್ಲ! ಒಬ್ಬೊಬ್ಬರ ಹತ್ರ ಒಂದೊಂದು ತುಂಡು ಮಾಹಿತಿ ಇದ್ರೆ ಯಾರಿಂದಲೂ ಕೆಲಸ ಮುಗಿಯಲ್ಲ.

ಇದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸಿದ್ದು ರೀ-ವಿಂಡ್ ಅನ್ನೋ ತಂಡ. ಅಮೆರಿಕದ ಜಾರ್ಜಿಯಾ ಟೆಕ್, ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ, ಉತ್ತರ ಐರ್ಲೆಂಡಿನ ಕ್ವೀನ್ಸ್ ಯೂನಿವರ್ಸಿಟಿ ಬೆಲ್‌ಫಾಸ್ಟ್, ಐರ್ಲೆಂಡಿನ ಯೂನಿವರ್ಸಿಟಿ ಕಾಲೇಜ್ ಕಾರ್ಕ್, ಇವರೆಲ್ಲ ಇದರಲ್ಲಿ ಇದಾರೆ. ಮೂರೂ ಕಡೆಯ ಸರ್ಕಾರಿ ದುಡ್ಡು. ಇಂಜಿನಿಯರುಗಳ ಜೊತೆ ಆರ್ಕಿಟೆಕ್ಟ್‌ಗಳು, ಸಮಾಜವಿಜ್ಞಾನದವರೂ ಉಂಟು. ಇವರ ಹಠ ಏನಂದ್ರೆ ರೆಕ್ಕೆಯನ್ನ ಪುಡಿ ಮಾಡಬಾರದು, ಸುಡಬಾರದು, ಉದ್ದಕ್ಕೆ ಇದ್ದಂಗೇ ಬಳಸಬೇಕು. ಡ್ರಾಯಿಂಗ್ ಇಲ್ಲದೆ ಹೇಗೆ ಅಂತೀರಾ? ಹಳೇ ರೆಕ್ಕೇನ ಲೇಸರ್ ಹಿಡಿದು ಇಡೀ ಸ್ಕ್ಯಾನ್ ಮಾಡ್ತಾರೆ, ಹೊರಗಿನ ಆಕಾರ ಕಂಪ್ಯೂಟರಿಗೆ ಬರುತ್ತೆ. ಒಳಗಿನದಕ್ಕೆ ಅಲ್ಲಲ್ಲಿ ಸಣ್ಣ ಬಿಲ್ಲೆ ಕೊಯ್ದು ತೆಗೆದು ಲ್ಯಾಬಿನ ಒಲೆಗೆ ಇಡ್ತಾರೆ, ರೆಸಿನ್ ಉರಿದು ಹೋಗಿ ಗಾಜಿನ ಬಟ್ಟೆ ಮಾತ್ರ ಉಳಿಯುತ್ತೆ, ಆಮೇಲೆ ಚಿಮುಟದಲ್ಲಿ ಒಂದೊಂದೇ ಪದರ ಎತ್ತಿ ಎಷ್ಟು ಪದರ, ನೂಲು ಯಾವ ಕೋನಕ್ಕೆ ಹಾಕಿದಾರೆ ಅಂತ ಎಣಿಸೋದು. ತಯಾರಕರ ಕಂಪ್ಯೂಟರಲ್ಲಿ ಒಂದು ಫೈಲಿನಲ್ಲಿ ಇರೋ ವಿಷಯಾನ ಇವರು ಹೀಗೆ ಸುಟ್ಟು ಎಣಿಸಿ ಕಂಡುಹಿಡಿಯಬೇಕಾಯ್ತು ನೋಡಿ.

ಕೊನೆಗೆ 2022ರ ಜನವರಿಯಲ್ಲಿ ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಮಿಡಲ್‌ಟನ್‌ನಿಂದ ಯಾಲ್‌ಗೆ ಹೋಗೋ ಹಳೇ ರೈಲು ದಾರೀಲಿ, ಈಗ ಅದು ಸೈಕಲ್ ದಾರಿ, ಎರಡು ಹಳೇ ರೆಕ್ಕೆಗಳನ್ನೇ ತೊಲೆ ಮಾಡ್ಕೊಂಡು ಸುಮಾರು 5 ಮೀಟರಿನ ಸೇತುವೆ ಕೂರಿಸಿದ್ರು. ಅದಕ್ಕೆ ಮೂರು ತಿಂಗಳು ಮುಂಚೆ ಪೋಲೆಂಡಿನ ಶ್ಪ್ರೊತಾವಾ ಊರಲ್ಲಿ ಅನ್ಮೆಟ್ ಅನ್ನೋ ಕಂಪನಿ ಝೆಶೂಫ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಸೇರ್ಕೊಂಡು ಇಂಥದ್ದೇ ಕಾಲುಸೇತುವೆ ಕಟ್ಟಿತ್ತು. ರೀ-ವಿಂಡ್‌ನವರು ರೆಕ್ಕೇನ ಕರೆಂಟು ಕಂಬವಾಗಿ ನಿಲ್ಲಿಸೋದನ್ನೂ ಪರೀಕ್ಷೆ ಮಾಡಿದಾರೆ. ನಂಗೆ ಇದು ಸೇತುವೆಗಿಂತ ಜಾಸ್ತಿ ಉಪಯೋಗಕ್ಕೆ ಬರೋ ಐಡಿಯಾ ಅನ್ಸುತ್ತೆ, ಯಾಕಂದ್ರೆ ಊರಿಗೆ ಎಷ್ಟು ಅಂತ ಸೇತುವೆ ಬೇಕು, ಕಂಬ ಆದ್ರೆ ಲೆಕ್ಕವಿಲ್ಲದಷ್ಟು ಬೇಕು.

ಆದ್ರೂ ಬರೋ ರೆಕ್ಕೆಗಳ ಪ್ರಮಾಣ ನೋಡಿದ್ರೆ ಮರುಬಳಕೆಯೊಂದೇ ಸಾಲಲ್ಲ. 2050ರ ಹೊತ್ತಿಗೆ ಜಗತ್ತಲ್ಲಿ ಒಟ್ಟು 4.3 ಕೋಟಿ ಟನ್ ರೆಕ್ಕೆ ತ್ಯಾಜ್ಯ ಆಗಬಹುದು ಅಂತ ಕೇಂಬ್ರಿಡ್ಜ್‌ನವರು 2017ರಲ್ಲೇ ಅಂದಾಜು ಹಾಕಿದ್ರು. ಹಾಗಾಗಿ ಈಗ ಜಾಸ್ತಿ ನಡೀತಿರೋದು ಸಿಮೆಂಟ್ ದಾರಿ. ಜರ್ಮನಿಯಲ್ಲಿ ಲೇಗರ್‌ಡಾರ್ಫ್ ಅನ್ನೋ ಕಡೆ ಸಿಮೆಂಟ್ ಗೂಡಿಗೆ ರೆಕ್ಕೆ ಪುಡಿ ಹಾಕೋದನ್ನ ಬಹಳ ಹಿಂದೇನೇ ಶುರು ಮಾಡಿದ್ರು, ಅಮೆರಿಕದಲ್ಲಿ ಫ್ಯಾನು ಮಾಡೋ ಜಿಇ ಮತ್ತು ತ್ಯಾಜ್ಯದ ಕೆಲಸ ಮಾಡೋ ವಿಯೋಲಿಯಾ ಕಂಪನಿ 2020ರಲ್ಲಿ ಇದಕ್ಕೇ ಒಪ್ಪಂದ ಮಾಡ್ಕೊಂಡ್ರು. ಲೆಕ್ಕ ಸರಳ: ರೆಸಿನ್ ಕಲ್ಲಿದ್ದಲ ಬದಲು ಉರಿಯುತ್ತೆ, ಗಾಜಿನಲ್ಲಿರೋ ಸಿಲಿಕಾ, ಸುಣ್ಣ, ಅಲ್ಯುಮಿನಾ ಸಿಮೆಂಟಿಗೆ ಹೇಗೂ ಬೇಕಾದವೇ. ಬೂದಿ ಕೂಡ ಉಳಿಯಲ್ಲ. ತೊಂದರೆ ಅಂದ್ರೆ ಈ ಗಾಜಲ್ಲಿ ಬೋರಾನ್ ಇರುತ್ತೆ, ಜಾಸ್ತಿ ಆದ್ರೆ ಸಿಮೆಂಟ್ ಸೆಟ್ ಆಗೋದು ತಡ ಆಗುತ್ತೆ, ಅದಕ್ಕೇ ಮನಸ್ಸಿಗೆ ಬಂದಷ್ಟು ಸುರಿಯೋ ಹಾಗಿಲ್ಲ. ಕೆಲವರು ಇದನ್ನ ರೀಸೈಕಲ್ ಅಂತ ಬೋರ್ಡ್ ಹಾಕ್ಕೋತಾರೆ, ಅಷ್ಟು ಕಷ್ಟಪಟ್ಟು ನೇಯ್ದ ನೂಲನ್ನ ಮರಳಿನ ಬೆಲೆಗೆ ಇಳಿಸೋದು ಅದು. ಹೂಳೋದಕ್ಕಿಂತ ಎಷ್ಟೋ ವಾಸಿ, ಅಷ್ಟು ಮಾತ್ರ ಹೇಳಬಹುದು.

ನೂಲನ್ನೇ ವಾಪಸ್ ತೆಗೆಯೋಕೆ ಆಗಲ್ವಾ ಅಂದ್ರೆ, ಆಗುತ್ತೆ. ಗಾಳಿ ಆಡದ ಗೂಡಲ್ಲಿ 450ರಿಂದ 600 ಡಿಗ್ರಿ ಕಾಯಿಸಿದ್ರೆ ರೆಸಿನ್ ಆವಿಯಾಗಿ ಹೋಗಿ ನೂಲು ಉಳಿಯುತ್ತೆ. ಕಾರ್ಬನ್ ಫೈಬರಿಗೆ ಇದು ಚೆನ್ನಾಗಿ ಒಗ್ಗಿದೆ, ದುಬಾರಿ ಮಾಲು, ಹಾಗಾಗಿ ಗಿಟ್ಟುತ್ತೆ. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್ಟೇ, ಅಂದ್ರೆ ಹೀಗೆ ನೂಲಿಗೆ ರೆಸಿನ್ ಕುಡಿಸಿದ ಮಾಲು, ಬೋಯಿಂಗ್ ಕಾರ್ಖಾನೆಗಳ ಕಟಿಂಗ್ ಪೀಸುಗಳನ್ನ ಬ್ರಿಟನ್ನಿನ ಇಎಲ್‌ಜಿ ಕಾರ್ಬನ್ ಫೈಬರ್ ಅನ್ನೋ ಕಂಪನಿಗೆ ಕೊಡೋ ಒಪ್ಪಂದ 2018ರಲ್ಲಾಯ್ತು. ಗಾಜಿನ ನೂಲು ಮಾತ್ರ ಅಷ್ಟು ಬಿಸಿಗೆ ಸಿಕ್ಕಿದ್ರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಕಳ್ಕೊಳ್ಳುತ್ತೆ, ಮೇಲಾಗಿ ಹೊಸ ಗಾಜಿನ ನೂಲೇ ಅಗ್ಗ. ಹಳೇದನ್ನ ಜಾಸ್ತಿ ದುಡ್ಡು ಕೊಟ್ಟು ಯಾರು ತಗೋತಾರೆ? ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ಯೂನಿವರ್ಸಿಟಿಯವರು ಆ ಕಳೆದ ಶಕ್ತಿಯನ್ನ ಕೆಮಿಕಲ್ ಟ್ರೀಟ್‌ಮೆಂಟ್ ಕೊಟ್ಟು ವಾಪಸ್ ತರೋ ಕೆಲಸದಲ್ಲಿ ವರ್ಷಗಟ್ಟಲೆ ಕೂತಿದಾರೆ.

ಕೆಮಿಸ್ಟ್ರಿ ದಾರೀಲಿ ದೊಡ್ಡ ಸುದ್ದಿ ಬಂದಿದ್ದು 2023ರಲ್ಲಿ. ಡೆನ್ಮಾರ್ಕಿನ ಆರ್ಹುಸ್ ಯೂನಿವರ್ಸಿಟಿಯ ಸ್ಕ್ರಿಡ್‌ಸ್ಟ್ರುಪ್ ಅವರ ತಂಡ ರುಥೇನಿಯಂ ಕ್ಯಾಟಲಿಸ್ಟ್, ಅಂದ್ರೆ ರಾಸಾಯನಿಕ ಕ್ರಿಯೆ ಚುರುಕು ಮಾಡೋ ವಸ್ತು, ಹಾಕಿ ಗಟ್ಟಿಯಾದ ಎಪಾಕ್ಸಿಯನ್ನೇ ಬಿಡಿಸಿ, ಅದರ ಮೂಲ ಸಾಮಗ್ರಿ ಬಿಸ್‌ಫಿನಾಲ್ ಎ ಒಂದು ಕಡೆ, ಗಾಜಿನ ನೂಲು ಇನ್ನೊಂದು ಕಡೆ ತೆಗೆದು ತೋರಿಸಿದ್ರು. ಅದೇ ಯೂನಿವರ್ಸಿಟಿ ಇದ್ದ ಸೆಟೆಕ್ ಅನ್ನೋ ಕೂಟದಲ್ಲಿ ಫ್ಯಾನು ಮಾಡೋ ವೆಸ್ಟಾಸ್ ಕಂಪನಿ, ಎಪಾಕ್ಸಿ ಮಾಡೋ ಓಲಿನ್, ಡ್ಯಾನಿಶ್ ಟೆಕ್ನಾಲಜಿಕಲ್ ಇನ್‌ಸ್ಟಿಟ್ಯೂಟ್ ಇದ್ರು. ಗಮನಿಸಿ, ರೆಸಿನ್ ಮಾಡೋನು, ರೆಕ್ಕೆ ಮಾಡೋನು, ಬಿಡಿಸೋನು ಒಂದೇ ಟೇಬಲಿಗೆ ಬಂದ ಮೇಲೇನೇ ಬಿಡಿಸಿ ಬಂದ ಮಾಲು ಮತ್ತೆ ಎಪಾಕ್ಸಿ ಮಾಡೋಕೆ ನಡೆಯುತ್ತಾ ಅನ್ನೋ ಪ್ರಶ್ನೆಗೆ ಅರ್ಥ ಬರೋದು. ಆದ್ರೆ ರುಥೇನಿಯಂ ದುಬಾರಿ ಲೋಹ, ಒಂದು ಸಣ್ಣ ತುಂಡು ಬಿಡಿಸೋಕೇ ದಿನಗಟ್ಟಲೆ ಬೇಕು, ಹಾಗಾಗಿ ನಾಳೆ ಬೆಳಿಗ್ಗೆ ನಿಮ್ಮೂರಿಗೆ ಬರುತ್ತೆ ಅಂತ ಕಾಯಬೇಡಿ.

ಇನ್ನು ಕೆಲವರು ಹಳೇದರ ಗೊಡವೆ ಬಿಟ್ಟು ಹೊಸ ರೆಸಿನ್ನೇ ಬದಲಿಸೋಣ ಅಂತ ಹೊರಟಿದಾರೆ. ಫ್ರಾನ್ಸಿನ ಝೆಬ್ರಾ ಯೋಜನೇಲಿ 62 ಮೀಟರಿನ ರೆಕ್ಕೆಯನ್ನ ಮತ್ತೆ ಬಿಡಿಸಬಹುದಾದ ಥರ್ಮೋಪ್ಲಾಸ್ಟಿಕ್, ಅಂದ್ರೆ ಕಾಯಿಸಿದ್ರೆ ಕರಗೋ ಜಾತಿಯ, ರೆಸಿನಲ್ಲಿ 2022ರಲ್ಲಿ ಮಾಡಿದ್ರು. ಅದೇ ವರ್ಷ ಫ್ಯಾನು ಮಾಡೋ ಸೀಮನ್ಸ್ ಗಮೇಸಾ ಕಂಪನಿ ತನ್ನ ರೀಸೈಕಲ್ ಮಾಡಬಹುದಾದ ರೆಕ್ಕೆಗಳನ್ನ ಜರ್ಮನಿಯ ಕಸ್ಕಾಸಿ ಅನ್ನೋ, ಸಮುದ್ರದೊಳಗಿನ ಗಾಳಿ ವಿದ್ಯುತ್ ಫಾರ್ಮಿನಲ್ಲಿ ಏರಿಸಿತು. ಅದರ ರೆಸಿನ್ ಸೌಮ್ಯ ಆಸಿಡ್ಡಲ್ಲಿ ಬಿಡಿಸಿಕೊಳ್ಳುತ್ತೆ, ಆ ತಂತ್ರಜ್ಞಾನ ನಮ್ಮ ಆದಿತ್ಯ ಬಿರ್ಲಾ ಗುಂಪಿನದ್ದು! ಒಳ್ಳೇದೇ, ಆದ್ರೆ ಆ ರೆಕ್ಕೆಗಳು ಕೆಳಗೆ ಇಳಿಯೋದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ.

ಇಷ್ಟೆಲ್ಲದರಲ್ಲಿ ನಂಗೆ ಹೆಚ್ಚು ಮಹತ್ವದ್ದು ಅನ್ಸಿದ್ದು ಪೇಪರಲ್ಲಿ ಬಡಪಾಯಿ ಥರ ಕಾಣೋ ಒಂದು ಕೆಲಸ. ಡೆನ್ಮಾರ್ಕಿನಲ್ಲಿ 2021ರಲ್ಲಿ ಶುರುವಾದ ಡೀಕಾಮ್‌ಬ್ಲೇಡ್ಸ್ ಯೋಜನೆಯಲ್ಲಿ ವೆಸ್ಟಾಸ್, ಸೀಮನ್ಸ್ ಗಮೇಸಾ, ಎಲ್‌ಎಮ್ ವಿಂಡ್ ಪವರ್, ಅಂದ್ರೆ ಮಾರ್ಕೆಟ್ಟಲ್ಲಿ ಒಬ್ಬರ ಕಾಲು ಒಬ್ಬರು ಎಳೆಯೋರೇ, ಅವರ ಜೊತೆ ಫ್ಯಾನಿನ ಮಾಲೀಕರಾದ ಓರ್‌ಸ್ಟೆಡ್, ಸಿಮೆಂಟ್ ಯಂತ್ರದ ಎಫ್‌ಎಲ್‌ಸ್ಮಿತ್, ಯೂನಿವರ್ಸಿಟಿಗಳು ಎಲ್ಲ ಕೂತು ರೆಕ್ಕೆಗೊಂದು ಮೆಟೀರಿಯಲ್ ಪಾಸ್‌ಪೋರ್ಟ್ ನಮೂನೆ ಒಪ್ಕೊಂಡ್ರು. ಯಾವ ರೆಕ್ಕೇಲಿ ಎಷ್ಟು ಗಾಜು, ಎಷ್ಟು ಕಾರ್ಬನ್, ಯಾವ ಫೋಮ್, ಎಲ್ಲಿ ಲೋಹ ಇದೆ ಅಂತ ಬಿಚ್ಚಿ ಬರೆದು ಕೊಡೋ ಕಾಗದ ಅಷ್ಟೇ. ಆ ಚಿಮುಟ ಹಿಡಿದು ಪದರ ಎಣಿಸೋರ ಕಷ್ಟ ನೆನಪಿಸ್ಕೊಂಡ್ರೆ ಈ ಕಾಗದದ ಬೆಲೆ ಗೊತ್ತಾಗುತ್ತೆ. ಇದು ಯಾವ ಲ್ಯಾಬಲ್ಲೂ ಕಂಡುಹಿಡಿಯೋ ವಸ್ತು ಅಲ್ಲ, ಮೀಟಿಂಗಲ್ಲೇ ಹುಟ್ಟಬೇಕು, ಬಿಸ್ಕೆಟ್ ಖರ್ಚಾದ್ರೆ ಆಗ್ಲಿ ಬಿಡಿ ಸರ್.

ನಿಮ್ಮ ಸಿಟ್ಟಿನಲ್ಲಿ ಸತ್ಯವೂ ಇದೆ. ಮೂರು ವರ್ಷದ ಗ್ರಾಂಟ್ ಮುಗಿದ ಮೇಲೆ ಎಷ್ಟೋ ಕೂಟಗಳು ರಿಪೋರ್ಟ್ ಬರೆದು ಚದುರಿ ಹೋಗ್ತವೆ, ಹೊಸ ಹೆಸರಲ್ಲಿ ಅದೇ ಜನ ಮತ್ತೆ ಸೇರ್ತಾರೆ. ಹೂಳೋದು ಅಗ್ಗ ಆಗಿರೋವರೆಗೆ ಬೇರೆ ಯಾವ ದಾರಿಯೂ ವ್ಯಾಪಾರ ಅನ್ಸಿಕೊಳ್ಳಲ್ಲ, ಅದಕ್ಕೇ ಜರ್ಮನಿ, ಆಸ್ಟ್ರಿಯಾ, ನೆದರ್‌ಲೆಂಡ್ಸ್, ಫಿನ್‌ಲೆಂಡ್ ಹೂಳೋದಕ್ಕೆ ಕಾನೂನಿನ ತಡೆ ಹಾಕಿರೋದು.

ನಮ್ಮ ಕಡೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಂಥ ಫೈಬರ್ ತ್ಯಾಜ್ಯಕ್ಕೆ 2016ರಲ್ಲೇ ಮಾರ್ಗಸೂಚಿ ತಂದಿದೆ, ಸಿಮೆಂಟ್ ಗೂಡಿಗೆ ಕಳಿಸಿ ಅನ್ನೋದೇ ಅದರ ತಿರುಳು. ಹಳೇ ಸಣ್ಣ ಫ್ಯಾನು ತೆಗೆದು ದೊಡ್ಡದು ಹಾಕೋಕೆ ಪ್ರೋತ್ಸಾಹ ಕೊಡೋ ಕೇಂದ್ರದ ನೀತಿ 2023ರಲ್ಲಿ ಹೊಸದಾಗಿ ಬಂತು, ಅಂದ್ರೆ ಚಿತ್ರದುರ್ಗ, ಗದಗದ ಗುಡ್ಡಗಳಿಂದ ರೆಕ್ಕೆ ಇಳಿಯೋದು ಇನ್ನು ಜಾಸ್ತಿಯಾಗುತ್ತೆ. ಸಿಮೆಂಟ್ ಗೂಡುಗಳೇನೋ ಸೇಡಂ, ವಾಡಿ ಕಡೆ ಇವೆ, ಆದ್ರೆ ಅಲ್ಲಿವರೆಗೆ ಸಾಗಿಸೋದು ಯಾರು, ಪುಡಿ ಮಾಡೋದು ಯಾರು, ದುಡ್ಡು ಯಾರದು? ಬೆಂಗಳೂರಿನ ಎನ್‌ಎಎಲ್‌ನಲ್ಲಿ (ವಿಮಾನ ಸಂಶೋಧನೆಯ ಸರ್ಕಾರಿ ಲ್ಯಾಬು) ವಿಮಾನದ ಕಾಂಪೋಸಿಟ್ ಮೇಲೆ ದಶಕಗಳ ಅನುಭವ ಇದೆ. ಅವರು, ಫ್ಯಾನಿನ ಮಾಲೀಕರು, ಕಲಬುರಗಿ ಕಡೆಯ ಸಿಮೆಂಟಿನವರು ಒಂದು ಸಲ ಒಟ್ಟಿಗೆ ಕೂರಲಿ ಅನ್ನೋದು ನನ್ನ ಆಸೆ.

ಕೊನೇದಾಗಿ ಕೊಟ್ಟಿಗೆ. ಹೊದಿಸೋದು ತಪ್ಪಲ್ಲ, ಐರ್ಲೆಂಡಿನವರು ಮಾಡಿದ್ದೂ ಅದೇ ಜಾತಿ ಕೆಲಸ. ಆದ್ರೆ ಮೊದಲು ರೆಕ್ಕೆ ಕಂಪನಿಯದು, ಬರವಣಿಗೇಲಿ ಒಪ್ಪಿಗೆ ತಗೊಳ್ಳಿ. ಗ್ರೈಂಡರ್ ಹಾಕಿ ಒಣಗಿದ್ದನ್ನ ಕೊಯ್ದರೆ ಸಣ್ಣ ಗಾಜಿನ ಧೂಳು ಏಳುತ್ತೆ, ಮೈ ಕೆರೆತ ಇರಲಿ, ಶ್ವಾಸಕೋಶಕ್ಕೂ ಹೋಗುತ್ತೆ, ಹಾಗಾಗಿ ನೀರು ಬಿಟ್ಕೊಂಡು ಕೊಯ್ಯಿಸಿ, ಕೊಯ್ಯೋರಿಗೆ ಒಳ್ಳೇ ಮಾಸ್ಕು, ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ಟವೆಲ್ ಕಟ್ಕೊಂಡ್ರೆ ಸಾಲಲ್ಲ. ಕೆಲಸ ಕೊಟ್ಟಿಗೆ ಹತ್ರ, ಹುಲ್ಲಿನ ಬಣವೆ ಹತ್ರ ಬೇಡ, ಬಿದ್ದ ಪುಡಿ ಮೇವಿಗೆ ಸೇರಬಾರದು. ಕೊಯ್ದ ಅಂಚಲ್ಲಿ ನೂಲು ಎದ್ದಿರುತ್ತೆ, ಮೇಲೆ ರೆಸಿನ್ ಅಥವಾ ದಪ್ಪ ಪೇಂಟ್ ಬಳಿಸಿ. ಗಾಳಿಗೆ ಏಳಲಿ ಅಂತಲೇ ಮಾಡಿದ ಆಕಾರ ಅದು, ಬರೀ ಕಲ್ಲು ಹೇರಿ ಬಿಡಬೇಡಿ, ಬೋಲ್ಟ್ ಹಾಕಿ ಬಿಗಿಸಬೇಕು. ಮಿಕ್ಕ ಚೂರುಗಳಿಗೆ ಯಾವ ಕಾರಣಕ್ಕೂ ಬೆಂಕಿ ಹಾಕಬೇಡಿ, ಒಳಗೆ ಪಿವಿಸಿ ಫೋಮ್ ಇದ್ರೆ ಹೊಗೆಯಲ್ಲಿ ಆಸಿಡ್ ಬರುತ್ತೆ. ಆ ಚೂರುಗಳನ್ನ ಕಂಪನಿಯವರೇ ವಾಪಸ್ ತಗೊಂಡು ಹೋಗ್ಬೇಕು ಅಂತ ಅದೇ ಒಪ್ಪಿಗೆ ಪತ್ರದಲ್ಲಿ ಬರೆಸ್ಕೊಳ್ಳಿ, ಜೊತೆಗೆ ಆ ರೆಕ್ಕೆ ಯಾವ ಮಾಡೆಲ್, ಯಾವ ವರ್ಷದ್ದು ಅಂತಾನೂ ಕೇಳಿ ಇಟ್ಕೊಳ್ಳಿ.