ಕೊಯ್ಲು ಮುಗೀಲಿ ಅಂತ ಕಾದರೆ ವೈನ್ ಕಾಯಲ್ಲ

ಪ್ರಶ್ನೆ: ನನಗೆ 44 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಮೂರು ವರ್ಷದ ಹಿಂದೆ ನನ್ನ ತಮ್ಮ ಬೆಂಗಳೂರಿನಿಂದ ಒಂದು ಬಿಳಿ ವೈನ್ ಬಾಟಲಿ ತಂದುಕೊಟ್ಟಿದ್ದ. ಶಿವಮೊಗ್ಗದ ಇಬ್ಬರು ಕಾಲೇಜು ಗೆಳತಿಯರನ್ನು ಗಂಡಂದಿರ ಜೊತೆ ಊಟಕ್ಕೆ ಕರೆದು ಅದನ್ನು ತೆಗೆಯಬೇಕು ಅಂತ ನನ್ನಾಸೆ. ಇವರು ಕೊಯ್ಲು ಮುಗೀಲಿ ಅಂತಾರೆ, ಆಮೇಲೆ ಮಗಳ ಪರೀಕ್ಷೆ ಮುಗೀಲಿ ಅಂತಾರೆ. ಬಾಟಲಿ ಬೀರುವಿನ ಮೇಲೇ ಇದೆ. ಮನೆಯಲ್ಲಿ ಅತ್ತೆ ಬೇರೆ ಇದ್ದಾರೆ. ಈ ವಯಸ್ಸಲ್ಲಿ ಇಂಥ ಆಸೆ ತಪ್ಪಾ?
– ಹೆಸರು ಬೇಡ

ತಪ್ಪೇನಿಲ್ಲ. ಗೆಳತಿಯರ ಜೊತೆ ಕೂತು ಉಣ್ಣೋಕೆ, ನಗೋಕೆ ವಯಸ್ಸಿನ ಹಂಗು ಯಾಕೆ?

ನನಗೆ ಸರಿ ಕಾಣದೇ ಇದ್ದದ್ದು ನಿಮ್ಮ ಯಜಮಾನರ ಲೆಕ್ಕ. ತೋಟದ ಮನೆಯಲ್ಲಿ ಕೆಲಸ ಮುಗಿಯೋದು ಅಂತ ಇದೆಯಾ? ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸೋ ಹೊತ್ತಿಗೆ ಬೇಸಿಗೆ, ತೋಟಕ್ಕೆ ನೀರು ಬಿಡಬೇಕು, ಅದು ಮುಗೀತು ಅನ್ನೋದರೊಳಗೆ ಮಳೆ ಹಿಡಿದು ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ಹೊಡೆಯೋ ಗಡಿಬಿಡಿ. ಅಂದ ಹಾಗೆ, ಆ ಬೋರ್ಡೋ ಮಿಶ್ರಣ ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ವೈನ್ ದ್ರಾಕ್ಷಿಯನ್ನು ರೋಗದಿಂದ ಉಳಿಸೋಕೆ. ನಮ್ಮ ಅಡಿಕೆಗೂ ಅದು ಆಗುತ್ತೆ ಅಂತ ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ವೈನಿನವರ ಋಣ ನಮ್ಮ ಮೇಲಿದೆ ಅಂತ ಯಜಮಾನರಿಗೆ ಹೇಳಿ ನೋಡಿ. ನಕ್ಕರೆ ಅರ್ಧ ಕೆಲಸ ಆಯ್ತು.

ನಗಲಿಲ್ಲ ಅಂದರೆ ಪಕ್ಕದಲ್ಲಿ ಕೂತು ಕೇಳಿ. ಅಡಿಕೆಗೆ ಎಲೆಚುಕ್ಕಿ ರೋಗ ಬಂದಮೇಲೆ ಎಷ್ಟೋ ತೋಟದವರು ಫಸಲು, ಸಾಲ ಅಂತ ಒಳಗೊಳಗೇ ಕೊರಗುತ್ತಾರೆ, ಹೆಂಡತಿ ಹತ್ತಿರವೂ ಬಾಯಿ ಬಿಡಲ್ಲ. ಆಮೇಲೆ ನೋಡೋಣ ಅನ್ನೋ ಮಾತಿನ ಹಿಂದೆ ಇಂಥದ್ದೇನಾದರೂ ಇದ್ದರೆ ಅದು ಮೊದಲು ಹೊರಗೆ ಬರಲಿ. ಊಟಕ್ಕೆ ಕರೆಯೋದು ಅಂದರೆ ಮದುವೆ ಮನೆ ಖರ್ಚಲ್ಲ ಅಂತಲೂ ಹೇಳಿ.

ಅತ್ತೆ ವಿಷಯಕ್ಕೆ ಬಂದರೆ, ಕದ್ದುಮುಚ್ಚಿ ಮಾತ್ರ ಬೇಡ. ವಾಸನೆ ಸುಳ್ಳು ಹೇಳಲ್ಲ. "ಅತ್ತೆ, ಗೆಳತಿಯರು ಬರ್ತಾರೆ, ತಮ್ಮ ಕೊಟ್ಟಿದ್ದನ್ನ ಒಂದೊಂದು ಲೋಟ ಕುಡಿತೀವಿ" ಅಂತ ನೇರ ಹೇಳಿ. ಅವರು ವಾರ ಮಾಡೋ ದಿನ ತಪ್ಪಿಸಿ. ಒಳಗೆ ಬೇಡ ಅಂದರೆ ಜಗಲಿ ಇದೆಯಲ್ಲ. ಮನೆಯಲ್ಲೇ ಬೇಡ ಅಂದರೆ ಜಗಳಕ್ಕೆ ನಿಲ್ಲಬೇಡಿ, ಅವರ ಮನೆಯೂ ಹೌದು ಅದು. ಬಾಟಲಿ ಹಿಡ್ಕೊಂಡು ನೀವೇ ಶಿವಮೊಗ್ಗಕ್ಕೆ ಹೊರಡಿ.

ಇನ್ನು ಆ ಬಾಟಲಿ. ವೈನ್ ಹಳೆಯದಾದಷ್ಟೂ ರುಚಿ ಅಂತ ನಂಬಿದವರು ಜಾಸ್ತಿ. ಅದು ಕೆಲವೇ ವೈನಿನ ಮಾತು. ಮಾಮೂಲಿ ಬಿಳಿ ವೈನ್ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸೋಕೇ ಮಾಡಿದ್ದು. ಅದೂ ಬೀರುವಿನ ಮೇಲೆ ಮೂರು ಬೇಸಿಗೆ ಕಳೆದಿದೆ! ಬಣ್ಣ ಕಂದಾಗಿ ವಿನೆಗರ್ ವಾಸನೆ ಬಂದರೆ ಚೆಲ್ಲಿಬಿಡಿ, ಊಟ ನಿಲ್ಲಿಸಬೇಡಿ. ಚೆನ್ನಾಗಿದ್ದರೆ, ಬಾಟಲಿಯಲ್ಲಿರೋದು 750 ಎಂಎಲ್, ಆರು ಜನಕ್ಕೆ ಒಂದೊಂದು ಸಣ್ಣ ಲೋಟ. ಅಷ್ಟು ಸಾಕು. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಹಾಗಾಗಿ ಹೃದಯಕ್ಕೆ ಒಳ್ಳೇದು ಅನ್ನೋ ನೆಪವೂ ಬೇಡ. ಬೇಡ ಅಂದವರಿಗೆ ಕೋಕಂ ಶರಬತ್ತು ಕೊಡಿ, ಒತ್ತಾಯ ಮಾಡಬೇಡಿ.

ಬೆಳಿಗ್ಗೆಯೇ ಬಾಟಲಿಯನ್ನು ಫ್ರಿಜ್‌ನಲ್ಲಿಡಿ. ಕಾಲಿರೋ ಗ್ಲಾಸ್ ಇಲ್ಲ ಅಂತ ಪೇಟೆಗೆ ಓಡಬೇಡಿ, ಗಾಜಿನ ಲೋಟ ಸಾಕು. ಖಾರದ ಕೋಳಿ ಸಾರನ್ನು ಆಮೇಲಿನ ಊಟಕ್ಕೆ ಇಟ್ಟುಕೊಳ್ಳಿ, ವೈನ್ ಜೊತೆ ಖಾರ ಇನ್ನೂ ಉರಿಯುತ್ತೆ. ಮೊದಲು ಹಲಸಿನ ಹಪ್ಪಳ, ಹುರಿದ ಗೋಡಂಬಿ ಬರಲಿ, ಪತ್ರೊಡೆಯನ್ನು ತೆಳ್ಳಗೆ ಕತ್ತರಿಸಿ ತವದ ಮೇಲೆ ಎಣ್ಣೆ ಬಿಟ್ಟು ಅಂಚು ಗರಿಗರಿ ಆಗೋವರೆಗೆ ಕಾಯಿಸಿದರಂತೂ ಬಿಸಿ ಇರೋವಾಗಲೇ ತಟ್ಟೆ ಖಾಲಿ. ಪತ್ರೊಡೆ ಮಾಡೋಕೆ ಅತ್ತೆಯನ್ನೇ ಕೇಳಿ. ಅವರೂ ಬಂದು ಜಗಲಿಯಲ್ಲಿ ಕೂತರೆ ಒಳ್ಳೇದೇ ಆಯ್ತು.

ಗೆಳತಿಯರು ರಾತ್ರಿ ಉಳಿಯೋ ಹಾಗೇ ಕರೆಯಿರಿ. ಕುಡಿದು ಮಂಡಗದ್ದೆ ದಾರಿಯಲ್ಲಿ ಗಾಡಿ ಓಡಿಸೋದು ಬೇಡವೇ ಬೇಡ. ದಿನ ಗೊತ್ತು ಮಾಡಿ ಇವತ್ತೇ ಫೋನ್ ಮಾಡಿ, ಹಾಗೇ ಒಂದು ಕಾರ್ಕ್ ತೆಗೆಯೋ ಸ್ಕ್ರೂ ತನ್ನಿ ಅಂತಲೂ ಹೇಳಿ. ಇಲ್ಲದಿದ್ದರೆ ಯಜಮಾನರು ಅಡಿಕೆ ಕತ್ತಿ ಹಿಡಿದು ಬರ್ತಾರೆ.